ಅಶ್ವರಕ್ಷೆ: ಋತುಚರ್ಯೆಯೂ ಅಣುವ್ರತವೂ

ಕನ್ನಡ ನಾಡಿನ ಬಸದಿ, ಮಠಗಳ ಶಾಸ್ತ್ರಭಂಡಾರಗಳಲ್ಲಿ ಸಿದ್ಧಾಂತ, ಪುರಾಣ, ನ್ಯಾಯ, ವ್ಯಾಕರಣಗಳ ಕಟ್ಟುಗಳೊಡನೆ ವೈದ್ಯ, ಜ್ಯೋತಿಷ, ಗಣಿತಗಳ ಓಲೆಗಳೂ ಸೇರಿಕೊಂಡಿರುವುದು ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳನ್ನು ಶೋಧಿಸಿ ಸಿದ್ಧಪಡಿಸಿದ, 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ತಾಡಪತ್ರೀಯ ಗ್ರಂಥಸೂಚಿಯನ್ನು ತಿರುವಿದವರು ಇದನ್ನು ಕಂಡೇ ಇರುತ್ತಾರೆ. ಆದರೆ ಲೌಕಿಕವೆನಿಸಿಕೊಂಡ ಈ ಗ್ರಂಥಗಳಿಗೆ ದೊರೆತ ಆದರವು ಅಲ್ಪ. ಅವುಗಳಲ್ಲಿಯೂ ಪಶುವೈದ್ಯಕ್ಕೆ ದೊರೆತುದು ಅತ್ಯಲ್ಪ. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನ ಗೋವೈದ್ಯ, ಸು. 1400ರ ಅಭಿನವಚಂದ್ರನ ಅಶ್ವವೈದ್ಯ, ಮೈಸೂರಿನ ಚಾಮರಾಜ ಒಡೆಯರ (1617–1637) ಕಾಲದಲ್ಲಿ ಹುಟ್ಟಿದ ಪದ್ಮಣಪಂಡಿತನ ಹಯಸಾರಸಮುಚ್ಚಯ — ಇವು ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯಲ್ಲಿ ದಾಖಲಾದ ಬಳಿಕ ಸಾಹಿತ್ಯಚರಿತ್ರೆಗಳಲ್ಲಿ ಒಂದೆರಡು ಪಂಕ್ತಿಗಳಿಗಷ್ಟೇ ಸೀಮಿತವಾದವು. ಕಾವ್ಯಗುಣವನ್ನು ಅರಸುವವರಿಗೆ ಅವುಗಳಲ್ಲಿ ದೊರಕುವುದು ಕಡಿಮೆ. ಧರ್ಮವನ್ನು ಅರಸುವವರಾದರೋ ಅವುಗಳ ಕಡೆಗೆ ತಿರುಗಿಯೇ ನೋಡಿಲ್ಲ.

ಈ ಎರಡನೆಯ ಉಪೇಕ್ಷೆಯೇ ಇಲ್ಲಿ ವಿಚಾರಕ್ಕೆ ಎತ್ತಿಕೊಂಡ ವಿಷಯ. ಕುದುರೆಯು ಯುದ್ಧದ ಪ್ರಾಣಿ. ಅದನ್ನು ಕಟ್ಟಿ, ಪಳಗಿಸಿ, ಏರಿ, ಕೊನೆಗೆ ರಣರಂಗಕ್ಕೆ ಒಯ್ಯುವುದಕ್ಕಾಗಿಯೇ ಅರಸರು ಅದನ್ನು ಸಾಕುತ್ತಿದ್ದರು. ಹೀಗಿರುವಲ್ಲಿ ಅಹಿಂಸೆಯನ್ನೇ ಪರಮಧರ್ಮವಾಗಿ ಉಳ್ಳ ಪರಂಪರೆಯ ವಿದ್ವಾಂಸರು ಅಶ್ವಶಾಸ್ತ್ರಕ್ಕೆ ಕೈಹಾಕಿದುದು ರಾಜಾಶ್ರಯದ ನಿರ್ಬಂಧದಿಂದ ಮಾತ್ರವೇ, ಅಥವಾ ಅದಕ್ಕೆ ಆಗಮಸಮ್ಮತವಾದ ಬುಡವೊಂದು ಉಂಟೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಬುಡವು ಉಂಟು, ಅದು ಶ್ರಾವಕಾಚಾರದಲ್ಲಿಯೇ ಇದೆ.

ಅದಕ್ಕೆ ಮೊದಲು ಹೊರಗಿನವರು ಹೊರಿಸಿದ ಒಂದು ಆರೋಪವನ್ನು ಪರಿಶೀಲಿಸುವುದು ಅವಶ್ಯ. ದಕ್ಷಿಣದವರಿಗೆ ಕುದುರೆಯನ್ನು ಸಾಕುವ ವಿದ್ಯೆಯೇ ತಿಳಿಯದೆಂದು ಹಲವು ಇತಿಹಾಸ ಗ್ರಂಥಗಳು ಇಂದಿಗೂ ಬರೆಯುತ್ತವೆ. ಇದರ ಮೂಲ ಮಾರ್ಕೊ ಪೋಲೊ. 13ನೆಯ ಶತಮಾನದ ಕೊನೆಯ ದಶಕದಲ್ಲಿ ಮಅಬರ್ ಎಂದರೆ ಪಾಂಡ್ಯರ ಕರಾವಳಿಯನ್ನು ಕಂಡ ಆತನು, ಅಲ್ಲಿಯ ಅರಸನು ವರ್ಷಕ್ಕೆ 2000ಕ್ಕೂ ಹೆಚ್ಚು ಕುದುರೆಗಳನ್ನು ಕೊಳ್ಳುವನೆಂದೂ ವರ್ಷ ಮುಗಿಯುವಷ್ಟರಲ್ಲಿ ನೂರೂ ಉಳಿಯುವುದಿಲ್ಲವೆಂದೂ ಹೇಳಿದ್ದಾನೆ. ಅನ್ನದೊಡನೆ ಬೇಯಿಸಿದ ಮಾಂಸವನ್ನು ತಿನ್ನಿಸುತ್ತಾರೆ, ಕುದುರೆವೈದ್ಯರಿಲ್ಲ, ಮಾರುವ ವರ್ತಕರು ವ್ಯಾಪಾರ ನಿಲ್ಲಬಾರದೆಂದು ವೈದ್ಯರನ್ನು ಬರಗೊಡುವುದೂ ಇಲ್ಲ ಎಂಬುದು ಆತನ ಮಾತಿನ ಸಾರ. ಕೆಲವೇ ವರ್ಷಗಳ ಬಳಿಕ ಬರೆದ ಪಾರಸಿಕ ಚರಿತ್ರಕಾರ ವಸ್ಸಾಫನೂ ಇದೇ ಧಾಟಿಯಲ್ಲಿ, ಹುರಿದ ಧಾನ್ಯವನ್ನು ಬೆಣ್ಣೆಯೊಡನೆ ತಿನ್ನಿಸಿ, ಕಾಯಿಸಿದ ಹಾಲು ಕುಡಿಸಿ, ನಲವತ್ತು ದಿನ ಗೂಟಕ್ಕೆ ಕಟ್ಟಿಹಾಕಿ ಕೊಬ್ಬಿಸುತ್ತಾರೆಂದು ಆಕ್ಷೇಪಿಸಿದ್ದಾನೆ. ಇಬ್ಬರ ಮಾತೂ ತಮಿಳು ಕರಾವಳಿಗೆ ಸಂಬಂಧಿಸಿದ್ದು. ಅದನ್ನು ಇಡೀ ದಕ್ಷಿಣಾಪಥಕ್ಕೆ ಅನ್ವಯಿಸಿದವರು ಅನಂತರದ ಲೇಖಕರು. ಇಬ್ಬರಿಗೂ ಮಾಹಿತಿ ದೊರೆತದ್ದು ಹೆಚ್ಚಾಗಿ ಕುದುರೆ ಮಾರುವ ವರ್ತಕರಿಂದ ಎಂಬುದನ್ನೂ ಮರೆಯುವಂತಿಲ್ಲ. ಸತ್ತ ಕುದುರೆಗೆ ಕೊಂಡವನೇ ಹೊಣೆ ಎಂದು ಮಾರಿದವನು ಹೇಳದೆ ಇರುವನೇ?

ಕನ್ನಡ ನಾಡನ್ನು ಕಣ್ಣಾರೆ ಕಂಡವರ ಮಾತು ಬೇರೆಯಾಗಿದೆ. 15ನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯದಿಂದ ಬಂದ ಅಫನಾಸಿ ನಿಕಿತಿನ್ ತಾನೇ ಒಂದು ಕುದುರೆಯನ್ನು ಮಾರಲು ತಂದವನು. ನಾಲ್ಕು ತಿಂಗಳ ಮಳೆಯನ್ನು ಅನುಭವಿಸಿ ಬೀದರಿಗೆ ಬಂದು ಅಲ್ಲಿ ಅದನ್ನು ಮಾರಿದನು. ಕಾಳನ್ನೂ, ಸಕ್ಕರೆ ಬೆಣ್ಣೆ ಬೆರೆಸಿ ಬೇಯಿಸಿದ ಖಿಚಡಿಯನ್ನೂ ಕುದುರೆಗಳಿಗೆ ಕೊಡುವ ಕ್ರಮವನ್ನು ಆತನು ದಾಖಲಿಸಿದ್ದಾನೆ. ಆಳಂದದ ಜಾತ್ರೆಗೆ 20,000 ಕುದುರೆಗಳು ಬರುತ್ತಿದ್ದುವೆಂದೂ ಬರೆದಿದ್ದಾನೆ. ವಿಜಯನಗರದ ವಿಷಯದಲ್ಲಿ ನೂನಿಜನು ಕೊಡುವ ಅಂಕಿಗಳು ಇನ್ನೂ ಗಮನಾರ್ಹ: ಅರಸನು ವರ್ಷಕ್ಕೆ 13,000 ಕುದುರೆಗಳನ್ನು, ಹೊರ್ಮುಜಿನವನ್ನೂ ನಾಡಿನವನ್ನೂ ಸೇರಿಸಿ, ಕೊಳ್ಳುತ್ತಿದ್ದನು, ಲಾಯದಲ್ಲಿ 1600 ಮಂದಿ ಕುದುರೆಯಾಳುಗಳೂ ಪಳಗಿಸುವವರು 300 ಮಂದಿಯೂ ಇದ್ದರು. ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದನೆಂಬ ಮಾತೂ ಆತನದೇ. ಇಷ್ಟು ಹಣವನ್ನು ಸುರಿದವರು ಕುದುರೆಯನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಅಲಕ್ಷಿಸಿದ್ದರೆಂಬುದು ನಂಬತಕ್ಕ ಮಾತಲ್ಲ.

ಹಾಗಾದರೆ ಕುದುರೆಗಳು ಸಾಯುತ್ತಿದ್ದುದು ಸುಳ್ಳೇ? ಅಲ್ಲ. ಅದರ ಮುಖ್ಯ ಕಾರಣವನ್ನು ಋತುವಿನಲ್ಲಿ ಹುಡುಕಬೇಕು. ಒಣ ಮರುಭೂಮಿಯಲ್ಲಿ ಹುಟ್ಟಿದ ತಾಜಿಕ, ಪಾರಸಿಕ ಅಶ್ವಗಳು ಮಳೆಗಾಲದ ನಾಡಿಗೆ ಬಂದಾಗ ಅವುಗಳನ್ನು ಕಾಡಿದ ರೋಗಗಳು ಒಂದೆರಡಲ್ಲ. ಸರ್ರಾ ಎಂಬ ಮಾರಕ ಜ್ವರದ ಕಾರಣವಾದ ಸೂಕ್ಷ್ಮಜೀವಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ಡೇರಾ ಇಸ್ಮಾಯಿಲ್ ಖಾನಿನಲ್ಲಿ ಕಂಡುಹಿಡಿದನು. ಕಚ್ಚುವ ದೊಡ್ಡ ನೊಣಗಳು ಅದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಮಳೆಯ ಕಾಲದಲ್ಲಿಯೂ ಅದರ ಬೆನ್ನಿಗೇ ಈ ನೊಣಗಳ ಹಾವಳಿ ಹೆಚ್ಚು. ನೊಣವೇ ತರುವ ಹುಳುಗಳಿಂದ ಮೈಯಲ್ಲಿ ಮಾಯದ ಹುಣ್ಣುಗಳೇಳುವ ಇನ್ನೊಂದು ರೋಗಕ್ಕೆ ಬರ್ಸಾತಿ, ಎಂದರೆ ಮಳೆಯದು ಎಂಬ ಹೆಸರೇ ನಿಂತಿದೆ. ಒದ್ದೆ ನೆಲದಲ್ಲಿ ನಿಂತ ಕುದುರೆಯ ಗೊರಸು ಕೊಳೆಯುತ್ತದೆ. ಹೊಸ ಮಳೆಯ ಎಳೆ ಹುಲ್ಲನ್ನು ಒಮ್ಮೆಲೇ ಮೇದರೆ ಶೂಲೆ ಹಿಡಿಯುತ್ತದೆ. ಕರಾವಳಿಯಲ್ಲಿ ಮಳೆ ಸುಮಾರು 3500 ಮಿಲಿಮೀಟರು. ಬೆಂಗಳೂರಿನ ಸುತ್ತಣ ಪ್ರಸ್ಥಭೂಮಿಯಲ್ಲಿ ಅದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೋಗುವ ದಾರಿಯಲ್ಲಿರುವ ಕುಣಿಗಲಿನಲ್ಲಿ, ಟಿಪ್ಪುವಿನ ಕಾಲದಿಂದ ಬಂದುದೆಂದು ಪ್ರತೀತಿಯಿರುವ ಅಶ್ವಪಾಲನಕ್ಷೇತ್ರವು ನೆಲೆಗೊಂಡದ್ದು ಆಕಸ್ಮಿಕವಲ್ಲ. ಅದೇ ಮೇಡುನಾಡಿನ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ಪ್ರಸಿದ್ಧ ವೀರಗಲ್ಲಿನ ಮೇಲೆಯೂ ಕುದುರೆಯೇರಿದ ವೀರರ ಚಿತ್ರಣವಿದೆ. ನಾಡಿನ ಒಣ ಮೇಡುಗಳಲ್ಲಿ ಕುದುರೆ ಬಾಳುತ್ತಿತ್ತು, ಕಡಲಂಚಿನ ತೇವದಲ್ಲಿ ನಶಿಸುತ್ತಿತ್ತು. ಪೋಲೊ ಕಂಡದ್ದು ಎರಡನೆಯದನ್ನು.

ಆದುದರಿಂದ ಅಶ್ವರಕ್ಷೆಯೆಂದರೆ ಬಹುಮಟ್ಟಿಗೆ ಋತುರಕ್ಷೆಯೇ. ಇದನ್ನು ಪ್ರಾಚೀನರು ಅರಿತಿದ್ದರೆಂಬುದಕ್ಕೆ ಬಹಳ ಹಳೆಯ ಪ್ರಮಾಣ ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ತಾಡವಾಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಬೆಳಕಿಗೆ ತಂದುದು ಹಸ್ತಪ್ರತಿಶಾಸ್ತ್ರದ ಇತಿಹಾಸದಲ್ಲಿ ದೊಡ್ಡ ಘಟನೆ. ಅದರ ಎರಡನೆಯ ಅಧಿಕರಣದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಲಾಯದ ವಿನ್ಯಾಸವಿದೆ: ಪ್ರತಿ ಕುದುರೆಗೂ ನಯವಾದ ಹಲಗೆ ಹಾಸಿದ ಚೌಕ ಸ್ಥಾನ, ಮೇವಿಗೆ ಗೋದಲಿ, ಮೂತ್ರ ಪುರೀಷಗಳು ಹೊರಗೆ ಹೋಗುವ ದಾರಿ. ಕಾಲಡಿಯಲ್ಲಿ ತೇವ ನಿಲ್ಲದಿರುವುದು ಗೊರಸಿನ ರಕ್ಷೆಗೆ ಎಷ್ಟು ಮುಖ್ಯವೆಂಬುದನ್ನು ಇಂದಿನ ಪಶುವೈದ್ಯರೂ ಒಪ್ಪುವರು. ಅಶ್ವಚಿಕಿತ್ಸಕನಿಗೆ ವಿಧಿಸಿದ ಕರ್ತವ್ಯಗಳು ಎರಡು: ಮೈ ಇಳಿದರೆ, ಮೈ ಬಂದರೆ ಅದಕ್ಕೆ ಪ್ರತೀಕಾರ, ಮತ್ತು ಋತುವಿಗೆ ತಕ್ಕಂತೆ ಆಹಾರದ ವಿಭಾಗ. ಚಿಕಿತ್ಸೆಯ ದೋಷದಿಂದ ರೋಗ ಬೆಳೆದರೆ ಚಿಕಿತ್ಸೆಯ ಖರ್ಚಿನ ಇಮ್ಮಡಿ ದಂಡ. ಅದರ ದೆಸೆಯಿಂದ ಕುದುರೆ ಕೆಟ್ಟರೆ ಅದರ ಬೆಲೆಯೇ ದಂಡ. ಇಷ್ಟು ಬಿಗಿಯಾದ ವ್ಯವಸ್ಥೆಯಾದರೂ ಅದರ ದೃಷ್ಟಿ ಒಂದೇ, ರಾಜನ ಆಸ್ತಿ ಕೆಡಬಾರದು. ಕುದುರೆಯ ನೋವು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಲೆಕ್ಕಕ್ಕೆ ತಂದವನು ಸೋಮದೇವಸೂರಿ. ಶಕ 881, ಎಂದರೆ ಕ್ರಿ.ಶ. 959ರಲ್ಲಿ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಯಶಸ್ತಿಲಕ ಚಂಪುವನ್ನು ಮುಗಿಸಿದ ಈ ದಿಗಂಬರಾಚಾರ್ಯನಿಗೆ ಆನೆ ಕುದುರೆಗಳ ಶಾಸ್ತ್ರದಲ್ಲಿ ಇದ್ದ ಪ್ರವೇಶ ಆ ಕಾವ್ಯದ ಮೂರನೆಯ ಆಶ್ವಾಸವನ್ನು ಓದಿದವರಿಗೆ ತಿಳಿದೇ ಇದೆ. ಪಂಪನ ಅರಿಕೇಸರಿಯ ವಂಶವೇ ಸೋಮದೇವನಿಗೂ ಆಶ್ರಯವಾದುದರಿಂದ ಆತನು ಕನ್ನಡ ನಾಡಿಗೆ ಹೊರಗಿನವನಲ್ಲ. ಅರ್ಥಶಾಸ್ತ್ರದ ಪರಂಪರೆಯಲ್ಲಿ ಆತನು ರಚಿಸಿದ ನೀತಿವಾಕ್ಯಾಮೃತವು ರಾಜನೀತಿಯ ಗ್ರಂಥ. ಅದಕ್ಕೆ ನೇಮಿನಾಥನು ಕನ್ನಡದಲ್ಲಿ ಟೀಕೆಯನ್ನು ಬರೆದಿದ್ದಾನೆ. ಬಲಸಮುದ್ದೇಶದಲ್ಲಿ ಅಶ್ವಸೈನ್ಯವನ್ನು ನಡೆದಾಡುವ ಕೋಟೆಗೆ ಹೋಲಿಸುವ ಸೋಮದೇವನು ತಾಜಿಕವೇ ಮೊದಲಾದ ಒಂಬತ್ತು ಜಾತ್ಯಶ್ವಗಳನ್ನು ಹೆಸರಿಸುತ್ತಾನೆ. ಇದು ನೀತಿಗ್ರಂಥಗಳಲ್ಲಿ ನಿರೀಕ್ಷಿತವೇ. ಅನಿರೀಕ್ಷಿತವಾದುದು ವಾರ್ತಾಸಮುದ್ದೇಶದಲ್ಲಿದೆ. ತನ್ನ ಜೀವಧನವನ್ನು ಸ್ವತಃ ನೋಡಿಕೊಳ್ಳದವನಿಗೆ ದೊಡ್ಡ ಹಾನಿಯೂ ಮನಸ್ತಾಪವೂ ಆಗುವುದೆಂದು ಹೇಳಿ ಅಷ್ಟಕ್ಕೇ ನಿಲ್ಲದೆ, ಹಸಿವು ಬಾಯಾರಿಕೆಗಳನ್ನು ಪರಿಹರಿಸದಿದ್ದುದರಿಂದ ಪಾಪವೂ ಬರುವುದೆಂದು ಸೇರಿಸುತ್ತಾನೆ. ಮುದಿಯ, ಎಳೆಯ, ರೋಗದ, ಸೊರಗಿದ ಪಶುಗಳನ್ನು ಬಂಧುಗಳಂತೆ ಪೋಷಿಸಬೇಕೆನ್ನುತ್ತಾನೆ. ಅತಿಭಾರವೂ ದೀರ್ಘ ಪ್ರಯಾಣವೂ ಪಶುಗಳ ಅಕಾಲಮರಣಕ್ಕೆ ಕಾರಣವೆಂದು ಎಚ್ಚರಿಸುತ್ತಾನೆ.

ಕೌಟಿಲ್ಯನಲ್ಲಿ ದಂಡವಿದ್ದ ಎಡೆಯಲ್ಲಿ ಸೋಮದೇವನಲ್ಲಿ ಪಾಪವು ಬಂದಿತು. ಈ ಒಂದು ಪದವು ಎಲ್ಲಿಂದ ಬಂದಿತೆಂಬುದು ತತ್ತ್ವಾರ್ಥಸೂತ್ರವನ್ನು ಬಲ್ಲವರಿಗೆ ಒಡನೆಯೇ ಹೊಳೆಯುತ್ತದೆ. ಅದರ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಂತೆ ಇಲ್ಲಿ ವಧವೆಂದರೆ ಪ್ರಾಣಹರಣವಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು. ಪ್ರಾಣಹರಣವಾದರೆ ವ್ರತವೇ ಮುರಿಯುತ್ತದೆ, ಅತಿಚಾರದ ಮಾತೇ ಇಲ್ಲ. ಸಮಂತಭದ್ರಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಶಬ್ದಭೇದದಿಂದ ಇದೇ ಐದು ಬಂದಿವೆ. ಬಸದಿಯ ಪ್ರವಚನಗಳಲ್ಲಿ ಇವುಗಳನ್ನು ಸಾಮಾನ್ಯವಾಗಿ ಆಳುಕಾಳುಗಳ, ಮಕ್ಕಳ ವಿಷಯದಲ್ಲಿ ವಿವರಿಸುವ ರೂಢಿಯುಂಟು. ಆದರೆ ಐದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕಣ್ಣಿಗೆ ಕಟ್ಟುವುದು ಕೊಟ್ಟಿಗೆ ಮತ್ತು ಲಾಯ. ಬಿಗಿಯಾಗಿ ಕಟ್ಟುವುದು, ಹೊಡೆಯುವುದು, ಕಿವಿ ಬಾಲ ಕೊಯ್ಯುವುದು, ಹೊರೆ ಹೇರುವುದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು — ಕುದುರೆಯು ಮನುಷ್ಯನ ಕೈಯಲ್ಲಿ ಪಡುವ ಪಾಡುಗಳಲ್ಲಿ ಈ ಐದರ ಹೊರಗೆ ಉಳಿಯುವುದು ಕಡಿಮೆ.

13ನೆಯ ಶತಮಾನದ ಆಶಾಧರನು ಇದನ್ನು ಇನ್ನೂ ಸ್ಪಷ್ಟಪಡಿಸಿದನು. ಸಾಗಾರಧರ್ಮಾಮೃತದ ನಾಲ್ಕನೆಯ ಅಧ್ಯಾಯದಲ್ಲಿ ಆತನು ಹಾಕುವ ಮೆಟ್ಟಿಲು ಮೂರು. ನೈಷ್ಠಿಕ ಶ್ರಾವಕನು ಪಶುಗಳಿಂದ ಜೀವಿಕೆ ನಡೆಸುವುದನ್ನೇ ಬಿಡುವುದು ಉತ್ತಮ. ಸ್ವಂತ ಉಪಯೋಗಕ್ಕಾಗಿ ಇಟ್ಟುಕೊಳ್ಳುವುದಾದರೆ ಬಂಧನಾದಿಗಳಿಲ್ಲದೆ ಇಟ್ಟುಕೊಳ್ಳುವುದು ಎರಡನೆಯದು. ಕಟ್ಟಲೇಬೇಕಾದರೆ ನಿರ್ದಯನಾಗಿ ಕಟ್ಟದಿರುವುದು ಮೂರನೆಯದು. ಶ್ವೇತಾಂಬರರ ಆವಶ್ಯಕ ವ್ಯಾಖ್ಯಾನಗಳಲ್ಲಿ ಇದಕ್ಕೆ ಒಂದು ವ್ಯಾವಹಾರಿಕ ವಿವರ ಸಿಗುತ್ತದೆ: ನಾಲ್ಕು ಕಾಲಿನ ಪ್ರಾಣಿಯನ್ನು ಕಟ್ಟುವಾಗ ಅದು ಮೈ ಅಲುಗಿಸುವಷ್ಟು ಸಡಿಲವಾಗಿಯೂ, ಬೆಂಕಿ ಬಿದ್ದರೆ ತಟ್ಟನೆ ಬಿಚ್ಚಬಹುದಾದ ಗಂಟಿನಿಂದಲೂ ಕಟ್ಟಬೇಕು. ಹುಲ್ಲು ಹೊದಿಸಿದ ಲಾಯಗಳಲ್ಲಿ, ಅದರಲ್ಲಿಯೂ ಬೇಸಗೆಯಲ್ಲಿ, ಬೆಂಕಿಯೇ ಕುದುರೆಯ ದೊಡ್ಡ ಮೃತ್ಯು. ವಸ್ಸಾಫನು ಹೇಳುವ ನಲವತ್ತು ದಿನದ ಗೂಟದ ಕಟ್ಟು ಈ ಮಾತಿನ ಎದುರಿಗೆ ಹೇಗೆ ಕಾಣುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಛೇದದ ವಿಷಯದಲ್ಲಿಯೂ ವ್ಯಾಖ್ಯಾನಕಾರರು ವಿವೇಕ ತೋರಿದ್ದಾರೆ. ಕುರುವನ್ನು ಕೊಯ್ದು ಕೀವು ತೆಗೆಯುವಂಥ ಚಿಕಿತ್ಸೆಯು ಅತಿಚಾರವಲ್ಲ. ಅಲ್ಲಿ ಭಾವವು ಕರುಣೆಯದು. ಅಶ್ವಶಾಸ್ತ್ರದ ಸಿರಾವೇಧ, ಅಗ್ನಿಕರ್ಮಗಳನ್ನು ಜೈನ ವೈದ್ಯನು ಮಾಡಬಹುದೇ ಎಂಬ ಶಂಕೆಗೆ ಇದೇ ಉತ್ತರ. ಆದರೆ ಬೀಜವೊಡೆಯುವುದಕ್ಕೆ ಈ ಉತ್ತರ ಸಲ್ಲದು. ಹೇಮಚಂದ್ರನ ಯೋಗಶಾಸ್ತ್ರವು ಎಣಿಸುವ ಹದಿನೈದು ಕರ್ಮಾದಾನಗಳಲ್ಲಿ ಅದು ನಿರ್ಲಾಂಛನಕರ್ಮವಾಗಿ ನಿಷಿದ್ಧ. ದ್ವಿಪದ ಚತುಷ್ಪದಗಳ ಮಾರಾಟವೂ ಕೇಶವಾಣಿಜ್ಯವೆಂದು ನಿಷಿದ್ಧ. ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆಯ ಐನೂರ್ವರ ಸರಕುಗಳಲ್ಲಿ ಜಾತ್ಯಶ್ವಗಳನ್ನು ಹೇಳುತ್ತದೆ. ಕುದುರೆಯನ್ನು ಮಾರಿ ಲಾಭ ಪಡೆಯುವ ದಾರಿ ವ್ರತಿಗೆ ಮುಚ್ಚಿತ್ತು, ಗುಣಪಡಿಸುವ ದಾರಿ ತೆರೆದಿತ್ತು ಎಂಬುದನ್ನು ನೆನೆದರೆ ಜೈನರ ಕೈಯಿಂದ ಅಶ್ವವೈದ್ಯ ಬಂದುದರ ಅರ್ಥ ಸ್ವಲ್ಪ ತಿಳಿಯಾಗುತ್ತದೆ.

ಋತುಚರ್ಯೆಗೆ ಬಂದರೆ ಅನ್ನಪಾನನಿರೋಧವೆಂಬ ಐದನೆಯ ಅತಿಚಾರವು ಮುಖ್ಯವಾಗುತ್ತದೆ. ಮೇವನ್ನು ಕೊಡದಿರುವುದಷ್ಟೇ ನಿರೋಧವಲ್ಲ. ಕಾಲಕ್ಕೆ ಒಲ್ಲದ ಮೇವನ್ನು ಕೊಟ್ಟು ತಿನ್ನಲಾರದಂತೆ ಮಾಡುವುದೂ ಫಲದಲ್ಲಿ ಅದೇ. ಆಯುರ್ವೇದದ ಕ್ರಮದಲ್ಲಿ ವರ್ಷಾಕಾಲದಲ್ಲಿ ಅಗ್ನಿ ಮಂದ, ವಾತ ಪ್ರಕೋಪ, ಶರತ್ತಿನಲ್ಲಿ ಪಿತ್ತಪ್ರಕೋಪ, ಹೇಮಂತದಲ್ಲಿ ಅಗ್ನಿ ಪ್ರಬಲ, ಗ್ರೀಷ್ಮದಲ್ಲಿ ಬಲ ಕ್ಷೀಣ. ಕನ್ನಡ ನಾಡಿನ ಕುದುರೆಗೆ ಬಹುಕಾಲದಿಂದ ಆಧಾರವಾದ ಧಾನ್ಯ ಹುರುಳಿ. ಆಂಗ್ಲರು ಅದಕ್ಕೆ ಕುದುರೆಯ ಕಾಳೆಂದೇ ಹೆಸರಿಟ್ಟರು. 1800ರಲ್ಲಿ ಬುಕಾನನನು ಈ ಸೀಮೆಯಲ್ಲಿ ಅದರ ಬೇಸಾಯವನ್ನು ಕಂಡು ಕನ್ನಡದ ಹೆಸರಿನಿಂದಲೇ ಬರೆದುಕೊಂಡಿದ್ದಾನೆ. ಕುಲತ್ಥವು ಉಷ್ಣವೀರ್ಯ, ಕಫವಾತಹರ ಎಂದು ನಿಘಂಟುಗಳು ಹೇಳುತ್ತವೆ. ಆದುದರಿಂದ ಮಳೆ ಚಳಿಗಳಲ್ಲಿ ಬೇಯಿಸಿದ ಹುರುಳಿಯು ಹಿತ. ಬೇಸಗೆಯಲ್ಲಿಯೂ ಶರತ್ತಿನಲ್ಲಿಯೂ ಅದನ್ನು ತಗ್ಗಿಸಿ ಗರಿಕೆ ಮೊದಲಾದ ತಂಪಿನ ಮೇವನ್ನು ಹೆಚ್ಚಿಸುವುದು ಯುಕ್ತ. ನೀರಿನ ವಿಷಯದಲ್ಲಿ ಜೈನಾಚಾರವೇ ವೈದ್ಯವಾಗಿ ಪರಿಣಮಿಸಿದ ಉದಾಹರಣೆಯೊಂದುಂಟು. ಗುಜರಾತಿನ ಕುಮಾರಪಾಲನು ತನ್ನ ಲಾಯದ ಕುದುರೆಗಳಿಗೂ ಸೋಸಿದ ನೀರನ್ನೇ ಕುಡಿಸುತ್ತಿದ್ದನೆಂದು ಅಲ್ಲಿಯ ಐತಿಹ್ಯ. ಇತಿಹಾಸದೃಷ್ಟಿಯಿಂದ ಇದರ ಬೆಲೆ ಎಷ್ಟೇ ಇರಲಿ, ಜಲಗಾಲನವು ನೀರಿನ ಜೀವಗಳನ್ನು ಉಳಿಸುವುದಕ್ಕಾಗಿ ಹುಟ್ಟಿದರೂ ಕುದುರೆಯನ್ನೂ ಉಳಿಸುತ್ತದೆ: ಮಳೆಗಾಲದ ಕೆರೆಕುಂಟೆಗಳ ನೀರಿನಲ್ಲಿ ಜಿಗಣೆಗಳು ಕುಡಿಯುವ ಪ್ರಾಣಿಯ ಬಾಯಿ ಮೂಗುಗಳನ್ನು ಹೊಕ್ಕು ರಕ್ತ ಹೀರುತ್ತವೆ. ಮುನಿಗಳು ವರ್ಷಾಯೋಗದಲ್ಲಿ ಒಂದೆಡೆ ನಿಲ್ಲುವ ನಾಲ್ಕು ತಿಂಗಳು ಸೈನ್ಯಗಳೂ ಸಾಮಾನ್ಯವಾಗಿ ನಿಲ್ಲುತ್ತಿದ್ದುವು; ದಂಡಯಾತ್ರೆ ಹೊರಡುತ್ತಿದ್ದುದು ಆಶ್ವಯುಜದ ನೀರಾಜನದ ಬಳಿಕ. ಕಾರಣಗಳು ಬೇರೆಯಾದರೂ ಕುದುರೆಗೆ ದೊರೆತ ವಿಶ್ರಾಂತಿ ಒಂದೇ.

ಕಷ್ಟವಿರುವುದು ಔಷಧದಲ್ಲಿ. ಚರಕನ ಮತದಂತೆ ಶರತ್ತಿನಲ್ಲಿ ತುಪ್ಪ, ಮಳೆಯ ಮೊದಲಲ್ಲಿ ಎಣ್ಣೆ, ವಸಂತದಲ್ಲಿ ವಸೆ ಮತ್ತು ಮಜ್ಜೆ ಸ್ನೇಹಪಾನಕ್ಕೆ ತಕ್ಕವು. ನಾಲ್ಕರಲ್ಲಿ ಎರಡು ಪ್ರಾಣಿವಧೆಯಿಂದಲೇ ದೊರಕತಕ್ಕವು. ಜಯದತ್ತನ ಅಶ್ವವೈದ್ಯಕವೇ ಮೊದಲಾದ ಶಾಲಿಹೋತ್ರ ಪರಂಪರೆಯ ಗ್ರಂಥಗಳಲ್ಲಿ ಮಾಂಸರಸ, ಮದ್ಯಗಳ ವಿಧಾನವಿದೆ. ಮಾರ್ಕೊ ಪೋಲೊ ಕಂಡ ಮಾಂಸದ ಅನ್ನವು ಅಜ್ಞಾನದಿಂದಲ್ಲ, ಈ ಶಾಸ್ತ್ರದಿಂದಲೇ ಬಂದಿರಬೇಕು. ಜೈನ ವೈದ್ಯಪರಂಪರೆಯಾದರೋ ಉಗ್ರಾದಿತ್ಯನ ಕಲ್ಯಾಣಕಾರಕದಿಂದ ಮೊದಲುಗೊಂಡು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ್ದು. ಮಾಂಸಭಕ್ಷಣದ ನಿರಾಕರಣಕ್ಕಾಗಿಯೇ ಉಗ್ರಾದಿತ್ಯನು ಹಿತಾಹಿತಾಧ್ಯಾಯವನ್ನು ಸೇರಿಸಿದನು. ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನೂ ಇದೇ ಹಾದಿಯವನು. ಮನುಷ್ಯನಿಗೆ ಸಲ್ಲದ್ದು ಕುದುರೆಗೆ ಸಲ್ಲುವುದೇ? ತಿನ್ನುವುದು ಕುದುರೆಯಾದರೂ ತಿನ್ನಿಸುವವನು ಶ್ರಾವಕ.

ಇಲ್ಲಿ ಕೌಟಿಲ್ಯನ ಪಾಠವನ್ನೇ ಮತ್ತೊಮ್ಮೆ ಸೂಕ್ಷ್ಮವಾಗಿ ನೋಡಬೇಕು. ಉತ್ತಮಾಶ್ವದ ನಿತ್ಯದ ಪಡಿಯನ್ನು ಹೇಳುವಾಗ ಮುದ್ದೆಯನ್ನು ನೆನೆಸುವುದಕ್ಕೆ ಒಂದು ಆಢಕ ಮಾಂಸರಸ, ಇಲ್ಲವೇ ಅದರ ಇಮ್ಮಡಿ ಮೊಸರು ಎಂದಿದೆ. ಪ್ರತಿಪಾನಕ್ಕೆ ಒಂದು ಪ್ರಸ್ಥ ಸುರೆ, ಇಲ್ಲವೇ ಇಮ್ಮಡಿ ಹಾಲು ಎಂದಿದೆ. ಮಾಂಸವೇ ಪಡಿಯಲ್ಲಿ ಸೇರಿದೆ, ನಿಜ. ಆದರೆ ರಸಕ್ಕೂ ಸುರೆಗೂ ಶಾಸ್ತ್ರವೇ ಬದಲಿಯನ್ನು ಕೊಟ್ಟಿದೆ. ಒಂದು 'ವಾ'ಕಾರದಲ್ಲಿ ಅಹಿಂಸಕನಿಗೆ ದಾರಿ ಉಳಿದಿದೆ. ಬೆಂದ ಹುರುಳಿ, ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಿಂದ ಕುದುರೆಯನ್ನು ಸಾಕುವುದು ಶಾಸ್ತ್ರವನ್ನು ಮೀರಿದ ಹೊಸತಲ್ಲ, ಶಾಸ್ತ್ರದೊಳಗಿನ ವಿಕಲ್ಪವನ್ನು ಆರಿಸಿಕೊಂಡುದು. ನಿಕಿತಿನ್ ಬೀದರಿನ ಸೀಮೆಯಲ್ಲಿ ಕಂಡ ಸಕ್ಕರೆ ಬೆಣ್ಣೆಯ ಖಿಚಡಿಯಲ್ಲಿ ಮಾಂಸವಿಲ್ಲ. ಅದು ಜೈನ ಪ್ರಭಾವವೆಂದು ಹೇಳುವುದು ಸಾಹಸವಾದೀತು. ನಾಡಿನ ವಾಡಿಕೆಯೇ ಆ ಕಡೆಗೆ ಒಲಿದಿತ್ತೆನ್ನಬಹುದು. ಕುದುರೆಯು ಸಹಜವಾಗಿ ತೃಣಾಹಾರಿ. ಅದಕ್ಕೆ ಮಾಂಸವನ್ನು ತಿನ್ನಿಸಿದ ಶಾಸ್ತ್ರಕ್ಕಿಂತ ತಿನ್ನಿಸದ ಧರ್ಮವು ಪಶುವೈದ್ಯದ ದೃಷ್ಟಿಯಿಂದಲೂ ಸತ್ಯಕ್ಕೆ ಹತ್ತಿರವಾಗಿತ್ತು.

ಇಷ್ಟರಿಂದ ಅಹಿಂಸೆಗೂ ಅಶ್ವಕ್ಕೂ ಇರುವ ವಿರೋಧವೆಲ್ಲ ಪರಿಹಾರವಾಯಿತೆಂದು ತಿಳಿಯುವುದು ಸರಿಯಲ್ಲ. ಚಂದ್ರಗಿರಿಯ ಮೇಲಿನ ಶಕ 904ರ, ಎಂದರೆ ಕ್ರಿ.ಶ. 982ರ ಶಾಸನವನ್ನು ನೋಡಬಹುದು. ರಾಷ್ಟ್ರಕೂಟ ಕೃಷ್ಣನ ಮೊಮ್ಮಗ ಇಂದ್ರರಾಜನು ಬೆಳ್ಗೊಳದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಅವನ ಸ್ಮಾರಕವಾದ ಆ ಬರಹದ ಬಹುಭಾಗ ಅವನು ಕುದುರೆಯೇರಿ ಚೆಂಡಾಡುತ್ತಿದ್ದ ಚಾತುರ್ಯದ ವರ್ಣನೆಗೆ ಮೀಸಲಾಗಿದೆ. ಸೋಮೇಶ್ವರನ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಳಿವಿನೋದವಾಗಿ ಬಂದಿರುವ ಆಟವೂ ಇದೇ. ಕುದುರೆಯ ಬಾಯಿ, ಕಾಲು, ಉಸಿರುಗಳ ಮೇಲೆ ಈ ಆಟ ಹೇರುವ ಶ್ರಮ ಸಣ್ಣದಲ್ಲ. ನಿಸಿಧಿಯ ಶಾಸನವನ್ನು ಬರೆಯಿಸಿದವರಿಗೆ ಅದು ಕೊರತೆಯಾಗಿ ಕಾಣಲಿಲ್ಲ, ಕೀರ್ತಿಯಾಗಿ ಕಂಡಿತು. ಸೋಮದೇವನ ಎಚ್ಚರಿಕೆಗೆ ಇನ್ನೂ ಕಾಲು ಶತಮಾನವೂ ತುಂಬಿರಲಿಲ್ಲ. ಶಾಸ್ತ್ರದಲ್ಲಿದ್ದುದೆಲ್ಲ ಲಾಯದಲ್ಲಿ ನಡೆಯುತ್ತಿತ್ತೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಸಂಭವನಾಥ ತೀರ್ಥಂಕರರ ಲಾಂಛನವೂ, ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಒಂದೂ, ತುಳುನಾಡಿನಲ್ಲಿ ಬ್ರಹ್ಮದೇವರ ವಾಹನವೂ ಆದ ಈ ಪ್ರಾಣಿಯು ಜೈನರ ನಡುವೆಯೂ ದುಡಿದೇ ಬದುಕಿತು.

ಇನ್ನು ಓಲೆಗಳ ಮಾತು. ಅಶ್ವವೈದ್ಯದ ಪ್ರತಿಗಳನ್ನು ಪರಿಶೋಧಿಸುವವರು ಪುರಾಣದ ಪ್ರತಿಗಳಿಗೆ ಬಳಸುವ ಮಾನದಂಡವನ್ನೇ ಇಲ್ಲಿಯೂ ಬಳಸಿದರೆ ಎಡವುವರು. ಪುರಾಣದ ಓಲೆ ಶಾಸ್ತ್ರದಾನಕ್ಕಾಗಿ ಬರೆಯಿಸಿದ್ದು. ವೈದ್ಯದ ಓಲೆ ಕೈಯಲ್ಲಿ ಹಿಡಿದು ಬಳಸಿದ್ದು. ಬಳಸಿದವರು ತಮ್ಮ ಅನುಭವದ ಯೋಗಗಳನ್ನು ಅಂಚಿನಲ್ಲಿಯೂ ಕೊನೆಯಲ್ಲಿಯೂ ಸೇರಿಸುವುದು ಸಹಜ. ಅಂಥ ಭಾಗವನ್ನು ಪ್ರಕ್ಷಿಪ್ತವೆಂದು ಕಿತ್ತೆಸೆಯುವುದಕ್ಕಿಂತ ಬೇರೆಯಾಗಿ ಅಚ್ಚು ಮಾಡುವುದು ಲೇಸು. ಕಸುಬಿನ ಚರಿತ್ರೆ ಹೆಚ್ಚಾಗಿ ಇರುವುದು ಅಲ್ಲಿಯೇ.

ಎರಡನೆಯದು ಪರಭಾಷೆಯ ಶಬ್ದಗಳು. ಹೇಮಚಂದ್ರನ ಅಭಿಧಾನಚಿಂತಾಮಣಿಯ ಭೂಮಿಕಾಂಡದಲ್ಲಿ ಕುದುರೆಯ ಬಣ್ಣಗಳಿಗೆ ಖೋಂಗಾಹ, ಸೇರಾಹ, ವೋಲ್ಲಾಹ, ಕುಲಾಹ, ಸುರೂಹಕ ಮೊದಲಾದ ಹೆಸರುಗಳಿವೆ. ಸಂಸ್ಕೃತದ ಧಾತುಗಳಿಂದ ಇವುಗಳನ್ನು ಸಾಧಿಸಹೊರಟವರು ಬಳಲಿದ್ದಾರೆ. ಇವುಗಳಲ್ಲಿ ಹಲವು ಕುದುರೆಗಳೊಡನೆಯೇ ಪಶ್ಚಿಮದ ಕಡಲನ್ನು ದಾಟಿ ಬಂದ ವರ್ತಕರ ಮಾತುಗಳು. ಕನ್ನಡ ಪ್ರತಿಗಳಲ್ಲಿ ಇಂಥ ಶಬ್ದ ಕಂಡಾಗ ಲಿಪಿಕಾರನ ಪ್ರಮಾದವೆಂದು ತಿದ್ದುವ ಆತುರ ಸಲ್ಲದು. ಸೋಮದೇವನ ಒಂಬತ್ತು ಅಶ್ವಜಾತಿಗಳ ಹೆಸರುಗಳ ವಿಷಯದಲ್ಲಿಯೂ ಇದೇ ಮಾತು.

ಮೂರನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಹಯಗಂಧಾ, ವಾಜಿಗಂಧಾ ಎಂದರೆ ಅಶ್ವಗಂಧ. ಬೇರಿಗೆ ಕುದುರೆಯ ಮೈಯ ವಾಸನೆಯಿರುವುದರಿಂದ ಬಂದ ಹೆಸರು, ಬಲವರ್ಧಕವಾದ ಔಷಧ. ಹಯಮಾರ, ಅಶ್ವಮಾರ ಎಂದರೆ ಕರವೀರ, ಕನ್ನಡದ ಕಣಗಿಲೆ. ಕುದುರೆಯನ್ನು ಕೊಲ್ಲುವುದರಿಂದಲೇ ಬಂದ ಹೆಸರು. ಅಮರಸಿಂಹನೂ ಕರವೀರದ ಪರ್ಯಾಯಗಳಲ್ಲಿ ಹಯಮಾರಕವನ್ನು ಕೊಟ್ಟಿದ್ದಾನೆ. ಅದರ ಎಲೆ, ತೊಗಟೆ, ಬೇರುಗಳೆಲ್ಲವೂ ವಿಷ. ಒಣಗಿದ ಎಲೆಯೂ ವಿಷವನ್ನು ಕಳೆದುಕೊಳ್ಳದು. ಓಲೆಯ ಅಂಚು ಮುರಿದು 'ಹಯ' ಎಂಬೆರಡು ಅಕ್ಷರಗಳಷ್ಟೇ ಉಳಿದ ಎಡೆಯಲ್ಲಿ ಛಂದಸ್ಸಿನ ಮಾತ್ರೆಯನ್ನು ತುಂಬಲು ಸಂಪಾದಕನು ಊಹೆಯಿಂದ ಪಾಠವನ್ನು ಕೂಡಿಸುವುದು ಕಾವ್ಯದಲ್ಲಿ ಕ್ಷಮ್ಯವಾದರೂ ಇಲ್ಲಿ ಅಲ್ಲ. ಅಂಥ ಎಡೆಯನ್ನು ತ್ರುಟಿತವೆಂದು ಗುರುತಿಸಿ ಬಿಡಬೇಕು; ಯೋಗದ ಗುಣವನ್ನೂ ಅನುಪಾನವನ್ನೂ ನೋಡಿ ನಿರ್ಣಯಿಸುವ ಕೆಲಸವನ್ನು ದ್ರವ್ಯಗುಣ ಬಲ್ಲ ವೈದ್ಯನಿಗೆ ಒಪ್ಪಿಸಬೇಕು. ಪೂಜೆಯ ಹೂವಿಗಾಗಿ ಬಸದಿಗಳ ಅಂಗಳದಲ್ಲಿಯೂ ಮನೆಗಳ ಹಿತ್ತಿಲಲ್ಲಿಯೂ ಕಣಗಿಲೆಯ ಗಿಡ ಇಂದಿಗೂ ಬೆಳೆಯುತ್ತದೆ. ಮದುವೆಯ ಮೆರವಣಿಗೆಗೆ ತಂದ ಕುದುರೆಯನ್ನು ನೆರಳಿಗೆಂದು ಅದರ ಪಕ್ಕದಲ್ಲಿ ಕಟ್ಟುವವರಿಗೆ ಆ ಹಳೆಯ ಹೆಸರು ತಿಳಿದಿರುವುದಿಲ್ಲ.